ರೈಲು ಇಲ್ಲಿ ಯಾಕೆ ನಿಲ್ಲುತ್ತದೆ? ನೆಬ್ರಾಸ್ಕಾದ ನಾರ್ತ್ ಪ್ಲ್ಯಾಟ್ ಎಂಬ ಊರು

ಅಮೆರಿಕದ ನಟ್ಟನಡುವಿನ ನೆಬ್ರಾಸ್ಕಾ ರಾಜ್ಯದಲ್ಲಿ ನಾರ್ತ್ ಪ್ಲ್ಯಾಟ್ ಎಂಬ ಸಣ್ಣ ಊರಿದೆ. 2020ರ ಜನಗಣತಿಯ ಪ್ರಕಾರ ಅಲ್ಲಿ 23,390 ಜನ. ಸುತ್ತ ಮೆಕ್ಕೆಜೋಳದ ಹೊಲ, ಹುಲ್ಲುಗಾವಲು, ದನ. ಪೂರ್ವಕ್ಕೆ ಒಮಾಹಾ ನಗರ ಸುಮಾರು 450 ಕಿ.ಮೀ. ದೂರ. ಇನ್ನೊಂದು ಕಡೆ ಡೆನ್ವರ್ 400 ಕಿ.ಮೀ.ಗೂ ಜಾಸ್ತಿ. ಇಂಥ ಒಂಟಿ ಊರಿನ ಮಗ್ಗುಲಲ್ಲೇ ಜಗತ್ತಿನ ಅತಿ ದೊಡ್ಡ ರೈಲ್ವೆ ಯಾರ್ಡ್, ಅಂದರೆ ಗೂಡ್ಸ್ ವ್ಯಾಗನ್ನುಗಳನ್ನು ಬಿಚ್ಚಿ ಜೋಡಿಸುವ ಜಾಗ, ಇದೆ. ಹಗಲೂ ರಾತ್ರಿ ಗೂಡ್ಸ್ ಗಾಡಿಗಳು ಬರುತ್ತಲೇ ಇರುತ್ತವೆ. ಆದರೆ ಟಿಕೆಟ್ ತಗೊಂಡು ರೈಲು ಹತ್ತಬೇಕು ಅಂದರೆ ಆಗುವುದಿಲ್ಲ. ಈ ಊರಿಗೆ ಪ್ರಯಾಣಿಕರ ರೈಲು ನಿಂತು ಅರ್ಧ ಶತಮಾನ ದಾಟಿದೆ.

ಅಮೆರಿಕದ ಪಶ್ಚಿಮದಲ್ಲಿ ರೈಲು ಹುಟ್ಟಿಸಿದ ಊರುಗಳು ನೂರಾರು. ಹೆಚ್ಚಿನವು ಈಗ ನಾಲ್ಕು ಮನೆ, ಒಂದು ಧಾನ್ಯದ ಗೋದಾಮು ಅಷ್ಟೇ. ಕೆಲವು ಹೆಸರಿಗೂ ಉಳಿದಿಲ್ಲ. ನಾರ್ತ್ ಪ್ಲ್ಯಾಟ್ ಯಾಕೆ ಉಳಿಯಿತು ಎಂದು ತಿಳಿಯಬೇಕಾದರೆ ಒಂದು ಪ್ರಶ್ನೆಯನ್ನು ಕೈಬಿಡದೆ ಕೇಳುತ್ತಾ ಹೋಗಬೇಕು: ರೈಲು ಇಲ್ಲಿ ಯಾಕೆ ನಿಲ್ಲುತ್ತದೆ? ಸುಮಾರು 160 ವರ್ಷಗಳಲ್ಲಿ ಈ ಪ್ರಶ್ನೆಯ ಉತ್ತರ ಮತ್ತೆ ಮತ್ತೆ ಬದಲಾಗಿದೆ. ಬದಲಾದಾಗಲೆಲ್ಲ ಊರಿನ ಹಣೆಬರಹವೂ ಬದಲಾಗಿದೆ.

ಊರಿಗಿಂತ ಮೊದಲು ಹಳಿ

1862ರ ಜುಲೈ 1ರಂದು ಅಧ್ಯಕ್ಷ ಲಿಂಕನ್ ಪೆಸಿಫಿಕ್ ರೈಲ್ವೆ ಕಾಯ್ದೆಗೆ ಸಹಿ ಹಾಕಿದರು. ದೇಶದ ಪೂರ್ವ ಮತ್ತು ಪಶ್ಚಿಮವನ್ನು ಒಂದು ರೈಲು ಮಾರ್ಗದಿಂದ ಜೋಡಿಸುವುದು ಅದರ ಗುರಿ. ಪಶ್ಚಿಮದಿಂದ ಸೆಂಟ್ರಲ್ ಪೆಸಿಫಿಕ್ ಕಂಪನಿ, ಪೂರ್ವದಿಂದ ಯೂನಿಯನ್ ಪೆಸಿಫಿಕ್ ಕಂಪನಿ ಹಳಿ ಹಾಕುತ್ತಾ ಬಂದು ನಡುವೆ ಎಲ್ಲೋ ಕೂಡಬೇಕು. ಆಗ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು, ಸರ್ಕಾರದ ಬಳಿ ದುಡ್ಡಿಲ್ಲ. ಇದ್ದದ್ದು ಭೂಮಿ.

ಹಾಗಾಗಿ ಸರ್ಕಾರ ಭೂಮಿಯನ್ನೇ ಕೊಟ್ಟಿತು. ಇಲ್ಲಿ ಸ್ವಲ್ಪ ನಿಂತು ಲೆಕ್ಕ ನೋಡೋಣ. ಅಮೆರಿಕದ ಪಶ್ಚಿಮವನ್ನು ಅಳತೆ ಮಾಡುವಾಗ ಒಂದು ಮೈಲಿ ಉದ್ದ, ಒಂದು ಮೈಲಿ ಅಗಲದ ಚೌಕಗಳಾಗಿ ಗೆರೆ ಎಳೆದಿದ್ದರು. ಒಂದು ಚೌಕ ಅಂದರೆ 640 ಎಕರೆ. 1864ರ ತಿದ್ದುಪಡಿಯ ನಂತರ, ಹಾಕಿದ ಪ್ರತಿ ಮೈಲಿ ಹಳಿಗೆ ಕಂಪನಿಗೆ ಇಂಥ 20 ಚೌಕ ಸಿಗುತ್ತಿತ್ತು. ಹಳಿಯ ಆ ಕಡೆ ಹತ್ತು, ಈ ಕಡೆ ಹತ್ತು. ಆದರೆ ಒಟ್ಟಿಗೆ ಅಲ್ಲ, ಒಂದು ಬಿಟ್ಟು ಒಂದು. ನಡುವಿನ ಚೌಕ ಸರ್ಕಾರದ್ದೇ. ರೈಲು ಬಂದ ಮೇಲೆ ಬೆಲೆ ಏರುತ್ತದೆ, ಆಗ ತನ್ನ ಪಾಲನ್ನು ಎರಡು ಪಟ್ಟು ಬೆಲೆಗೆ ಮಾರಿ ನಷ್ಟ ತುಂಬಿಕೊಳ್ಳಬಹುದು ಎಂಬುದು ಸರ್ಕಾರದ ಲೆಕ್ಕಾಚಾರ. ಇದರ ಜೊತೆಗೆ ಸಾಲದ ಬಾಂಡುಗಳು. ಬಯಲು ನೆಲದಲ್ಲಿ ಮೈಲಿಗೆ 16 ಸಾವಿರ ಡಾಲರ್, ಎತ್ತರದ ಪ್ರದೇಶದಲ್ಲಿ 32 ಸಾವಿರ, ಬೆಟ್ಟದಲ್ಲಿ 48 ಸಾವಿರ.

ಹೀಗಾಗಿ ರೈಲ್ವೆ ಕಂಪನಿ ಬರೀ ರೈಲು ಓಡಿಸುವ ಕಂಪನಿ ಆಗಿರಲಿಲ್ಲ. ಅದು ಬಹಳ ದೊಡ್ಡ ಜಮೀನುದಾರ. ಜಮೀನಿಗೆ ಬೆಲೆ ಬರಬೇಕಾದರೆ ಜನ ಬರಬೇಕು. ಜನ ಬರಬೇಕಾದರೆ ಊರು ಬೇಕು. ಆದ್ದರಿಂದ ಕಂಪನಿಯ ಎಂಜಿನಿಯರುಗಳು ಖಾಲಿ ಹುಲ್ಲುಗಾವಲಿನಲ್ಲಿ ಬೀದಿಗಳ ಗೆರೆ ಎಳೆದು, ಸೈಟು ಮಾಡಿ, ಮಾರುತ್ತಾ ಮುಂದೆ ಹೋದರು. ನಾರ್ತ್ ಪ್ಲ್ಯಾಟ್ ಊರಿನ ನಕ್ಷೆ ಹಾಕಿಸಿದವರು ಯೂನಿಯನ್ ಪೆಸಿಫಿಕ್ಕಿನ ಮುಖ್ಯ ಎಂಜಿನಿಯರ್ ಗ್ರೆನ್‌ವಿಲ್ ಡಾಜ್. ಊರಿನ ಬೀದಿಗಳು ಹಳಿಗೆ ಸಮವಾಗಿ ಸಾಗುತ್ತವೆ. ಹಳಿಯ ಎದುರಿನ ಬೀದಿಯ ಹೆಸರೇ ಫ್ರಂಟ್ ಸ್ಟ್ರೀಟ್.

ಆದರೆ ಆ ನೆಲ ನಿಜಕ್ಕೂ ಖಾಲಿ ಇತ್ತಾ? ಇರಲಿಲ್ಲ. ಪ್ಲ್ಯಾಟ್ ನದಿಯ ಕಣಿವೆ ಪಾನಿ, ಲಕೋಟಾ, ಷಯಾನ್ ಎಂಬ ಮೂಲನಿವಾಸಿ ಜನರು ಓಡಾಡಿ, ಕಾಡೆಮ್ಮೆ ಬೇಟೆಯಾಡಿ ಬದುಕುತ್ತಿದ್ದ ಜಾಗ. 1867ರ ಆಗಸ್ಟಿನಲ್ಲಿ ಪ್ಲಮ್ ಕ್ರೀಕ್ ಹತ್ತಿರ ಷಯಾನ್ ಹೋರಾಟಗಾರರು ಒಂದು ಗೂಡ್ಸ್ ರೈಲನ್ನು ಹಳಿ ತಪ್ಪಿಸಿದರು. ಮುಂದಿನ ತಿಂಗಳು ಸರ್ಕಾರದ ಶಾಂತಿ ಆಯೋಗ ನಾರ್ತ್ ಪ್ಲ್ಯಾಟಿಗೇ ಬಂತು. ಅದರಲ್ಲಿ ಜನರಲ್ ಶೆರ್ಮನ್ ಇದ್ದರು. ಎದುರಿಗೆ ಲಕೋಟಾ ನಾಯಕ ಸ್ಪಾಟೆಡ್ ಟೇಲ್ ಮತ್ತು ಇತರರು. ಉತ್ತರದ ಪೌಡರ್ ನದಿ ಕಡೆಗೆ ಹಾಕುತ್ತಿರುವ ರಸ್ತೆಯನ್ನು ನಿಲ್ಲಿಸಿ, ಬೇಟೆಯ ಪ್ರಾಣಿಗಳು ಹೆದರಿ ಓಡುತ್ತಿವೆ ಎಂದು ಅವರು ಕೇಳಿದರು. ಪೌಡರ್ ನದಿಯ ಹೆಸರನ್ನು ನೆನಪಿಟ್ಟುಕೊಳ್ಳಿ. ಈ ಕತೆಯಲ್ಲಿ ಅದು ಇನ್ನೊಮ್ಮೆ ಬರುತ್ತದೆ. ರೈಲಿನ ಕಾವಲಿಗೆ ಸೈನ್ಯದ ಜೊತೆ ನಿಂತಿದ್ದ ಪಾನಿ ಜನರಿಗೂ ನೆಬ್ರಾಸ್ಕಾ ಉಳಿಯಲಿಲ್ಲ. 1870ರ ದಶಕದ ನಡುವೆ ಅವರೂ ಇಂದಿನ ಓಕ್ಲಹೋಮಾಗೆ ಹೋಗಬೇಕಾಯಿತು. ಚೌಕಗಳಾಗಿ ಹಂಚಿದ ಭೂಮಿ ಯಾರದಾಗಿತ್ತು ಎಂಬುದನ್ನು ಬಿಟ್ಟು ರೈಲ್ವೆ ಊರುಗಳ ಕತೆ ಹೇಳಿದರೆ ಅದು ಅರ್ಧ ಕತೆ ಎಂದು ನಾನು ನಂಬುತ್ತೇನೆ.

ಮೊದಲ ಉತ್ತರ: ಚಳಿಗಾಲ

ಒಮಾಹಾದಲ್ಲಿ 1865ರ ಜುಲೈನಲ್ಲಿ ಶುರುವಾದ ಹಳಿ, 1866ರ ಕೊನೆಗೆ ಎರಡು ಪ್ಲ್ಯಾಟ್ ನದಿಗಳು ಕೂಡುವ ಜಾಗವನ್ನು ಮುಟ್ಟಿತು. ಉತ್ತರದಿಂದ ನಾರ್ತ್ ಪ್ಲ್ಯಾಟ್, ದಕ್ಷಿಣದಿಂದ ಸೌತ್ ಪ್ಲ್ಯಾಟ್. ಸಂಗಮದ ಪಶ್ಚಿಮಕ್ಕೆ, ಎರಡೂ ನದಿಗಳ ನಡುವೆ, ಅಗಲವಾದ ಸಮತಟ್ಟು ಜಾಗ. ಹಿಮ ಬೀಳತೊಡಗಿತು, ಕೆಲಸ ನಿಂತಿತು. ಸಾವಿರಾರು ಕೂಲಿಗಳು, ಹೆಚ್ಚಿನವರು ಐರ್ಲೆಂಡಿನಿಂದ ಬಂದವರು, ಚಳಿಗಾಲ ಕಳೆಯಲು ಅಲ್ಲೇ ಉಳಿದರು. ಅವರ ಹಿಂದೆ ಹೆಂಡದಂಗಡಿ, ಜೂಜಿನ ಟೆಂಟು, ವ್ಯಾಪಾರಿಗಳು ಬಂದರು. ಹಳಿಯ ತುದಿಯಲ್ಲಿ ಹುಟ್ಟಿ, ಹಳಿ ಮುಂದೆ ಹೋದಂತೆ ತಾನೂ ಗಂಟುಮೂಟೆ ಕಟ್ಟುವ ಇಂಥ ಸಂತೆಗೆ ಆ ಕಾಲದವರು ‘ಚಕ್ರದ ಮೇಲಿನ ನರಕ’ ಎನ್ನುತ್ತಿದ್ದರು.

1867ರಲ್ಲಿ ಹಳಿ ಮತ್ತೆ ಮುಂದೆ ಹೊರಟಿತು. ಸಂತೆ ಜೂಲ್ಸ್‌ಬರ್ಗ್‌ಗೆ ಹೋಯಿತು, ಅಲ್ಲಿಂದ ಷಯಾನ್ ಎಂಬ ಊರಿಗೆ. ನಾರ್ತ್ ಪ್ಲ್ಯಾಟಿನಲ್ಲಿ ಉಳಿದವರು ಕೆಲವೇ ನೂರು ಜನ. ಊರು ಅಲ್ಲಿಗೇ ಮುಗಿಯಬಹುದಿತ್ತು. ಮುಗಿಯಲಿಲ್ಲ, ಯಾಕೆಂದರೆ ಕಂಪನಿ ಅಲ್ಲಿ ಇಂಜಿನ್ ಶೆಡ್ಡು, ರಿಪೇರಿ ವರ್ಕ್‌ಶಾಪು ಕಟ್ಟಿತು.

ಎರಡನೆಯ ಉತ್ತರ: ನೀರು, ಕಲ್ಲಿದ್ದಲು, ದಣಿದ ಕೂಲಿಗಳು

ಉಗಿ ಇಂಜಿನ್ ಎಂಬುದು ಬಹಳ ಬಾಯಾರುವ ಯಂತ್ರ. ನೀರನ್ನು ಕುದಿಸಿ, ಉಗಿ ಮಾಡಿ, ಗಾಳಿಗೆ ಬಿಡುವುದೇ ಅದರ ಕೆಲಸ. ಆ ನೀರು ಮತ್ತೆ ವಾಪಸ್ ಬರುವುದಿಲ್ಲ. ಆದ್ದರಿಂದ ದಾರಿಯುದ್ದಕ್ಕೂ ನೀರಿನ ಟ್ಯಾಂಕುಗಳು ಬೇಕು. ಸೌದೆ ಅಥವಾ ಕಲ್ಲಿದ್ದಲು ತುಂಬಬೇಕು. ಬೂದಿ ತೆಗೆಯಬೇಕು. ಕೀಲುಗಳಿಗೆ ಎಣ್ಣೆ ಬಿಡಬೇಕು. ಕೆಲವು ಗಂಟೆ ಓಡಿದ ಮೇಲೆ ಇಂಜಿನ್ ಬಿಚ್ಚಿ ಬೇರೆಯದನ್ನು ಕಟ್ಟಬೇಕು. ಓಡಿಸುವವರೂ ಮನುಷ್ಯರೇ ಅಲ್ವಾ? ಅವರೂ ಬದಲಾಗಬೇಕು.

ಇದಕ್ಕಾಗಿ ಅಮೆರಿಕದ ರೈಲ್ವೆಗಳು ಮಾರ್ಗವನ್ನು ಸುಮಾರು 100ರಿಂದ 150 ಮೈಲಿಯ ತುಂಡುಗಳಾಗಿ ವಿಂಗಡಿಸಿದವು. ಒಂದೊಂದು ತುಂಡೂ ಒಂದು ಡಿವಿಷನ್. ಎರಡು ಡಿವಿಷನ್ ಸೇರುವ ಕಡೆ ಶೆಡ್ಡು, ವರ್ಕ್‌ಶಾಪು, ಕಚೇರಿ, ಕೂಲಿಗಳ ಮನೆಗಳು. ಅಂದರೆ ಊರು. ನೆಬ್ರಾಸ್ಕಾದಲ್ಲಿ ಗ್ರ್ಯಾಂಡ್ ಐಲೆಂಡ್, ನಾರ್ತ್ ಪ್ಲ್ಯಾಟ್, ಸಿಡ್ನಿ. ಆಮೇಲೆ ವಯೋಮಿಂಗ್‌ನಲ್ಲಿ ಷಯಾನ್. ನಕ್ಷೆಯಲ್ಲಿ ಇವು ಒಂದರ ಹಿಂದೊಂದು ಸಾಲಾಗಿ ಕೂತಿರುವುದು ಸುಮ್ನೆ ಅಲ್ಲ. ಇಂಜಿನ್ನಿಗೆ ಎಷ್ಟು ದೂರಕ್ಕೆ ಸುಸ್ತಾಗುತ್ತದೋ ಅಷ್ಟು ದೂರಕ್ಕೆ ಒಂದು ಊರು.

ಗಡಿಯಾರಕ್ಕೂ ಇದೇ ಗಡಿಯಾಯಿತು. 1883ರ ತನಕ ಅಮೆರಿಕದ ಒಂದೊಂದು ಊರಿಗೆ ಒಂದೊಂದು ಸಮಯ. ಸೂರ್ಯ ನೆತ್ತಿಗೆ ಬಂದಾಗ ಮಧ್ಯಾಹ್ನ. ಇದರಿಂದ ವೇಳಾಪಟ್ಟಿ ಬರೆಯುವವರ ತಲೆ ಕೆಟ್ಟುಹೋಗಿತ್ತು. ಆ ವರ್ಷ ನವೆಂಬರ್ 18ರಂದು ರೈಲ್ವೆ ಕಂಪನಿಗಳೇ ಸೇರಿ ದೇಶವನ್ನು ಸಮಯದ ವಲಯಗಳಾಗಿ ಹಂಚಿಕೊಂಡವು. ಸೆಂಟ್ರಲ್ ಮತ್ತು ಮೌಂಟೇನ್ ವಲಯಗಳ ನಡುವಿನ ಗೆರೆಯನ್ನು ಯೂನಿಯನ್ ಪೆಸಿಫಿಕ್ ಎಳೆದದ್ದು ನಾರ್ತ್ ಪ್ಲ್ಯಾಟಿನಲ್ಲಿ. ಹೇಗೂ ಅಲ್ಲಿ ಇಂಜಿನ್ನೂ ಬದಲಾಗುತ್ತದೆ, ಡ್ರೈವರೂ ಬದಲಾಗುತ್ತಾನೆ. ಗಡಿಯಾರದ ಮುಳ್ಳನ್ನೂ ಅಲ್ಲೇ ತಿರುಗಿಸಿದರಾಯಿತು. ಈಗ ಆ ಗೆರೆ ಊರಿನಿಂದ ಸ್ವಲ್ಪ ಪಶ್ಚಿಮಕ್ಕೆ ಸರಿದಿದೆ.

ಇಂಥ ಊರಿನ ದಿನಚರಿಯೇ ಬೇರೆ. ಗೂಡ್ಸ್ ಗಾಡಿಗೆ ಬೆಳಗು, ರಾತ್ರಿ ಎಂಬುದಿಲ್ಲ. ಫೋನ್ ಇಲ್ಲದ ಕಾಲದಲ್ಲಿ ‘ಕಾಲ್ ಬಾಯ್’ ಎಂಬ ಹುಡುಗರು ಅಪರಾತ್ರಿಯಲ್ಲಿ ಮನೆಮನೆಗೆ ಹೋಗಿ ಬಾಗಿಲು ಬಡಿದು, ನಿಮ್ಮ ಗಾಡಿ ಬಂತು ಎಂದು ಡ್ರೈವರುಗಳನ್ನು, ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ನುಗಳನ್ನು ಎಬ್ಬಿಸುತ್ತಿದ್ದರು. ವಿಲಿಯಂ ಜೆಫರ್ಸ್ ಇದೇ ಊರಲ್ಲಿ 1876ರಲ್ಲಿ ಹುಟ್ಟಿದವರು, ಐರಿಶ್ ಕೂಲಿಯೊಬ್ಬರ ಮಗ. ಹದಿನಾಲ್ಕನೇ ವಯಸ್ಸಿಗೆ ಕಸ ಗುಡಿಸುವ ಕೆಲಸಕ್ಕೆ ಸೇರಿ, ಕಾಲ್ ಬಾಯ್ ಆಗಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದು 1937ರಲ್ಲಿ ಇಡೀ ಯೂನಿಯನ್ ಪೆಸಿಫಿಕ್ಕಿನ ಅಧ್ಯಕ್ಷರಾದರು. ಅವರ ಹೆಸರೂ ಮುಂದೆ ಬರುತ್ತದೆ.

ಊರಿನ ಇನ್ನೊಬ್ಬ ಪ್ರಸಿದ್ಧ ನಿವಾಸಿ ‘ಬಫಲೋ ಬಿಲ್’ ವಿಲಿಯಂ ಕೋಡಿ. ಕಾನ್ಸಾಸ್ ಪೆಸಿಫಿಕ್ ರೈಲ್ವೆಯ ಕೂಲಿಗಳಿಗೆ ಮಾಂಸ ಒದಗಿಸಲು ಕಾಡೆಮ್ಮೆ ಬೇಟೆಯಾಡಿ ಆ ಹೆಸರು ಪಡೆದವರು. 1882ರ ಜುಲೈ 4ರಂದು ನಾರ್ತ್ ಪ್ಲ್ಯಾಟಿನಲ್ಲಿ ಕುದುರೆ ಸವಾರರನ್ನು ಸೇರಿಸಿ ದೊಡ್ಡ ಪ್ರದರ್ಶನ ನಡೆಸಿದರು. ಮುಂದಿನ ವರ್ಷ ಅದೇ ‘ವೈಲ್ಡ್ ವೆಸ್ಟ್’ ಎಂಬ ಊರೂರು ಸುತ್ತುವ ತಂಡವಾಯಿತು. ಅವರ ತೋಟದ ಮನೆ ಈಗ ರಾಜ್ಯದ ಐತಿಹಾಸಿಕ ಉದ್ಯಾನ. ಪ್ರವಾಸಿಗಳಿಗೆ ಈ ಊರು ಅಂದರೆ ಮೊದಲು ನೆನಪಾಗುವುದು ಅವರೇ. ನನಗೆ ಮಾತ್ರ ಈ ಊರಿನ ನಿಜವಾದ ಹೆಗ್ಗಳಿಕೆ ಬೇರೆ ಕಡೆ ಇದೆ.

ಹತ್ತು ನಿಮಿಷದ ಊಟ

1941ರ ಡಿಸೆಂಬರ್ 7ರಂದು ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿತು. ಹತ್ತು ದಿನದ ನಂತರ ನಾರ್ತ್ ಪ್ಲ್ಯಾಟಿನಲ್ಲಿ ಒಂದು ಸುದ್ದಿ ಹಬ್ಬಿತು. ನೆಬ್ರಾಸ್ಕಾ ನ್ಯಾಷನಲ್ ಗಾರ್ಡ್ ಎಂಬ ರಾಜ್ಯದ ಮೀಸಲು ಸೈನ್ಯದ ‘ಡಿ’ ಕಂಪನಿ ಎಂಬ ತುಕಡಿಯ ಹುಡುಗರು, ಅಂದರೆ ನಮ್ಮ ಊರಿನ ಮಕ್ಕಳೇ, ರೈಲಿನಲ್ಲಿ ಈ ದಾರಿಯಾಗಿ ಹೋಗುತ್ತಾರಂತೆ! ಸುಮಾರು ಐನೂರು ಜನ ತಿಂಡಿ, ಉಡುಗೊರೆ ಹಿಡಿದು ಸ್ಟೇಷನ್ನಿಗೆ ಬಂದು ಕಾದರು. ರೈಲು ಬಂತು. ಅದರಲ್ಲಿ ‘ಡಿ’ ಕಂಪನಿಯೇ ಇತ್ತು, ಆದರೆ ಕಾನ್ಸಾಸ್ ರಾಜ್ಯದ್ದು. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ, ತಮ್ಮ ಮಕ್ಕಳಿಗೆ ಎಂದು ತಂದದ್ದನ್ನೆಲ್ಲ ಆ ಗುರುತಿಲ್ಲದ ಹುಡುಗರಿಗೆ ಕೊಟ್ಟರು.

ಅಲ್ಲಿದ್ದವರಲ್ಲಿ ರೇ ವಿಲ್ಸನ್ ಎಂಬ 26 ವರ್ಷದ ಯುವತಿ ಒಬ್ಬರು. ಅಂಗಡಿಯಲ್ಲಿ ಕೆಲಸ. ನೆಬ್ರಾಸ್ಕಾದ ‘ಡಿ’ ಕಂಪನಿಯ ನಾಯಕ ಅವರ ಸೋದರ. ಅವರು ಊರಿನ ಪತ್ರಿಕೆಗೆ ಒಂದು ಕಾಗದ ಬರೆದರು. ಈ ದಾರಿಯಲ್ಲಿ ಹೋಗುವ ಎಲ್ಲ ಸೈನಿಕರಿಗೂ ಹೀಗೇ ಏನಾದರೂ ಕೊಡೋಣ, ನಾನು ಮುಂದೆ ನಿಂತು ಮಾಡುತ್ತೇನೆ ಎಂಬುದು ಅದರ ಸಾರ. ಕ್ರಿಸ್ಮಸ್ ದಿನವೇ ಕೆಲಸ ಶುರುವಾಯಿತು. ಸ್ಟೇಷನ್ನಿನ ಊಟದ ಕೋಣೆಯನ್ನು ಬಿಟ್ಟುಕೊಡಿ ಎಂದು ರೈಲ್ವೆ ಕಂಪನಿಯ ಅಧ್ಯಕ್ಷರನ್ನು ಕೇಳಿದರು. ಆ ಅಧ್ಯಕ್ಷರು ಇದೇ ಊರಿನ ಜೆಫರ್ಸ್. ಒಪ್ಪಿಗೆ ಸಿಕ್ಕಿತು.

ಸೈನಿಕರ ರೈಲು ಅಲ್ಲಿ ಯಾಕೆ ನಿಲ್ಲುತ್ತಿತ್ತು? ಅದೇ ಹಳೆಯ ಉತ್ತರ. ಇಂಜಿನ್ನಿಗೆ ನೀರು ತುಂಬಲು, ಎಣ್ಣೆ ಬಿಡಲು, ಚಕ್ರ ನೋಡಲು. ಹತ್ತು, ಹದಿನೈದು ನಿಮಿಷ. ಅಷ್ಟರಲ್ಲಿ ಹುಡುಗರು ಓಡಿ ಇಳಿದು ಬರುತ್ತಿದ್ದರು. ಒಳಗೆ ಸ್ಯಾಂಡ್‌ವಿಚ್, ಬೇಯಿಸಿದ ಮೊಟ್ಟೆ, ಕಾಫಿ, ಹಾಲು, ಕೇಕು, ಡೋನಟ್ ಸಾಲಾಗಿ ಜೋಡಿಸಿಟ್ಟಿರುತ್ತಿದ್ದರು. ಮೂಲೆಯಲ್ಲಿ ಪಿಯಾನೋ. ಹುಟ್ಟುಹಬ್ಬ ಇದ್ದವನಿಗೆ ಇಡೀ ಕೇಕು. ಎಲ್ಲವೂ ಉಚಿತ.

ಈಗ ಇದರ ಗಾತ್ರ ನೋಡಿ. ಆಗ ಊರಿನ ಜನಸಂಖ್ಯೆ ಸುಮಾರು 12 ಸಾವಿರ. ಒಂದು ದಿನಕ್ಕೆ ಬರುತ್ತಿದ್ದ ಸೈನಿಕರು ಮೂರರಿಂದ ಐದು ಸಾವಿರ, ಕೆಲವು ದಿನ ಇನ್ನೂ ಜಾಸ್ತಿ. ಸಕ್ಕರೆಗೆ ಪಡಿತರ, ಕಾಫಿಗೆ ಪಡಿತರ, ಪೆಟ್ರೋಲಿಗೂ ಪಡಿತರ ಇದ್ದ ಕಾಲ ಅದು. ಒಂದು ಊರಿಂದ ಆಗುವ ಕೆಲಸವೇ ಅಲ್ಲ. ಆದ್ದರಿಂದ ಸುತ್ತಲಿನ ಊರುಗಳು ಸರದಿ ಹಾಕಿಕೊಂಡವು. ಇವತ್ತು ಒಂದು ಊರಿನ ಹೆಂಗಸರು, ನಾಳೆ ಇನ್ನೊಂದು ಊರಿನವರು. ತಮ್ಮ ಪಾಲಿನ ಸಕ್ಕರೆ ಕೂಪನ್ನುಗಳನ್ನು ಕೂಡಿಸಿ ಕೇಕು ಮಾಡಿ, ನೂರಾರು ಕಿ.ಮೀ. ದೂರದಿಂದ ಹೊತ್ತು ತಂದರು. 125 ಊರುಗಳು, ಸುಮಾರು 55 ಸಾವಿರ ಜನ, ಬಹುಪಾಲು ಹೆಂಗಸರು ಈ ಕೆಲಸದಲ್ಲಿ ಕೈಜೋಡಿಸಿದರು. ಒಬ್ಬ ಹುಡುಗನಂತೂ ದನದ ಹರಾಜಿನಲ್ಲಿ ತಾನು ತೊಟ್ಟ ಅಂಗಿಯನ್ನೇ ಹರಾಜು ಹಾಕಿ ದುಡ್ಡು ಕೊಟ್ಟ. ಮತ್ತೆ ಮತ್ತೆ ಹಾಗೆ ಮಾಡಿದ. 1946ರ ಏಪ್ರಿಲ್ 1ರಂದು ಕ್ಯಾಂಟೀನು ಮುಚ್ಚುವ ಹೊತ್ತಿಗೆ 60 ಲಕ್ಷಕ್ಕೂ ಹೆಚ್ಚು ಸೈನಿಕರು ಅಲ್ಲಿ ತಿಂದು, ಕುಡಿದು ಹೋಗಿದ್ದರು.

ಇದನ್ನು ಯೋಚಿಸಿದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ. ಕಂಪನಿ ರೈಲು ನಿಲ್ಲಿಸಿದ್ದು ನೀರಿಗಾಗಿ. ಆ ಹತ್ತು ನಿಮಿಷವನ್ನು ಊರಿನವರು ತಮ್ಮದಾಗಿ ಮಾಡಿಕೊಂಡರು.

ಆದರೆ ಅದೇ ಊರು, ಅದೇ ಡಿಸೆಂಬರ್. ಪರ್ಲ್ ಹಾರ್ಬರ್ ದಿನ ನಾರ್ತ್ ಪ್ಲ್ಯಾಟಿನ ಒಂದು ಚರ್ಚಿನಲ್ಲಿ ಜಪಾನಿ ಮೂಲದ ಅಮೆರಿಕನ್ನರ ಸಭೆ ನಡೆಯುತ್ತಿತ್ತು. ರೈಲ್ವೆ ಕೆಲಸಕ್ಕೂ, ಸಕ್ಕರೆ ಬೀಟ್ ಹೊಲಗಳಿಗೂ ಬಂದು ನೆಲೆಸಿದ ಕುಟುಂಬಗಳು ಅವು. ಅವರ ಪಾದ್ರಿ ಹಿರಾಮ್ ಕಾನೋ ಅವರನ್ನು ಅದೇ ದಿನ ಬಂಧಿಸಿದರು. ಸಭೆಯಲ್ಲಿದ್ದ ಬೆನ್ ಕುರೋಕಿ ಎಂಬ ಯುವಕ ಹತ್ತಿರದ ಹರ್ಷಿ ಊರಿನ ರೈತನ ಮಗ. ತಮ್ಮನ ಜೊತೆ ನಾರ್ತ್ ಪ್ಲ್ಯಾಟಿನಲ್ಲೇ ಸೈನ್ಯಕ್ಕೆ ಹೆಸರು ಕೊಟ್ಟ. ಕರೆ ಬರಲಿಲ್ಲ. ಗ್ರ್ಯಾಂಡ್ ಐಲೆಂಡಿಗೆ ಹೋಗಿ ಸೇರಿಕೊಂಡ. ಬಾಂಬರ್ ವಿಮಾನದ ಗನ್ನರ್ ಆಗಿ ಯುರೋಪಿನಲ್ಲಿ 30, ಜಪಾನಿನ ಮೇಲೆ 28, ಒಟ್ಟು 58 ಹಾರಾಟ ಮುಗಿಸಿ ಬಂದ. ಪರ್ಲ್ ಹಾರ್ಬರ್ ದಾಳಿಗೂ ಹನ್ನೆರಡು ವರ್ಷ ಮೊದಲು, 1929ರ ಜುಲೈನಲ್ಲಿ, ಒಬ್ಬ ಪೊಲೀಸನ ಕೊಲೆಯಾದ ಮೇಲೆ ಗುಂಪೊಂದು ಊರಿನ ಕರಿಯ ಜನರನ್ನು ಊರು ಬಿಡಿಸಿ ಓಡಿಸಿತ್ತು. ಕ್ಯಾಂಟೀನಿನ ಔದಾರ್ಯ ನಿಜ, ಇದೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಿಡಬೇಕಾಗಿಲ್ಲ.

ನೀರು ಬೇಡದ ಇಂಜಿನ್

ಯುದ್ಧದ ನಂತರ ಡೀಸೆಲ್ ಇಂಜಿನ್ ಬಂತು. ಅದಕ್ಕೆ ದಾರಿಯುದ್ದಕ್ಕೂ ನೀರು ಬೇಡ, ಬೂದಿ ತೆಗೆಯಬೇಕಾಗಿಲ್ಲ, ನೂರು ಮೈಲಿಗೊಮ್ಮೆ ಬದಲಿಸಬೇಕಾಗಿಲ್ಲ. 1950ರ ದಶಕ ಮುಗಿಯುವಷ್ಟರಲ್ಲಿ ಯೂನಿಯನ್ ಪೆಸಿಫಿಕ್ಕಿನ ದಿನನಿತ್ಯದ ಓಡಾಟದಲ್ಲಿ ಉಗಿ ಇಂಜಿನ್ ಉಳಿಯಲಿಲ್ಲ. ಅಮೆರಿಕದ ಉದ್ದಗಲಕ್ಕೂ ಡಿವಿಷನ್ ಊರುಗಳಿಗೆ ಪೆಟ್ಟು ಬಿದ್ದದ್ದು ಹೀಗೆ. ಯಾರೂ ಅವುಗಳನ್ನು ಬೇಕೆಂದು ಹಾಳು ಮಾಡಲಿಲ್ಲ. ರೈಲಿಗೆ ಅಲ್ಲಿ ನಿಲ್ಲುವ ಕಾರಣವೇ ಹೋಯಿತು.

1971ರ ಮೇ 1ರಂದು ಆಮ್‌ಟ್ರಾಕ್ ಎಂಬ ಸಂಸ್ಥೆ ದೇಶದ ಪ್ರಯಾಣಿಕ ರೈಲುಗಳನ್ನು ವಹಿಸಿಕೊಂಡಿತು. ನೆಬ್ರಾಸ್ಕಾದಲ್ಲಿ ಅದು ಆರಿಸಿಕೊಂಡದ್ದು ದಕ್ಷಿಣದ ಬೇರೆ ಕಂಪನಿಯ ಮಾರ್ಗವನ್ನು. ನಾರ್ತ್ ಪ್ಲ್ಯಾಟಿಗೆ ಪ್ರಯಾಣಿಕ ರೈಲು ನಿಂತಿತು. ಎರಡು ವರ್ಷದ ನಂತರ, 1973ರಲ್ಲಿ, ಕ್ಯಾಂಟೀನು ನಡೆದಿದ್ದ ಸ್ಟೇಷನ್ ಕಟ್ಟಡವನ್ನೇ ಕೆಡವಿದರು. ಅದನ್ನು ಉಳಿಸಿಕೊಳ್ಳಬೇಕಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಹಾಗಾದರೆ ಊರು ಉಳಿದದ್ದು ಹೇಗೆ? ಗುಡ್ಡದಿಂದ.

ಗುಡ್ಡ ಕೆಲಸ ಮಾಡುವ ಬಗೆ

ಗೂಡ್ಸ್ ಗಾಡಿಗಳಲ್ಲಿ ಎರಡು ಬಗೆ. ಒಂದು, ಇಡೀ ಗಾಡಿಯಲ್ಲಿ ಒಂದೇ ಸರಕು, ಒಂದೇ ಗುರಿ. ಗಣಿಯಿಂದ ವಿದ್ಯುತ್ ಸ್ಥಾವರಕ್ಕೆ ಹೋಗುವ ಕಲ್ಲಿದ್ದಲಿನ ರೈಲು ಹಾಗೆ. ಅದನ್ನು ಬಿಚ್ಚುವ ಪ್ರಶ್ನೆಯಿಲ್ಲ. ಇನ್ನೊಂದು, ಬಿಡಿ ವ್ಯಾಗನ್ನುಗಳ ಗಾಡಿ. ಆರೆಗಾನ್ ರಾಜ್ಯದ ಮರದ ಮಿಲ್ಲಿನಿಂದ ಒಂದು ವ್ಯಾಗನ್ ಷಿಕಾಗೋಗೆ ಹೋಗಬೇಕು. ಅದರ ಪಕ್ಕದ ವ್ಯಾಗನ್ನಿನಲ್ಲಿರುವ ರಾಸಾಯನಿಕ ಟೆಕ್ಸಸ್‌ಗೆ. ಅದರ ಪಕ್ಕದ್ದು ಖಾಲಿ, ಕಾನ್ಸಾಸಿಗೆ ಹೋಗಿ ಗೋಧಿ ತುಂಬಬೇಕು. ಒಂದು ವ್ಯಾಗನ್ನಿಗಾಗಿ ಒಂದು ಇಂಜಿನ್ ಓಡಿಸಲು ಆಗುವುದಿಲ್ಲ. ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಕಟ್ಟಿ ಒಂದು ದೊಡ್ಡ ಯಾರ್ಡಿಗೆ ತಂದು, ಬಿಚ್ಚಿ, ಒಂದೇ ದಿಕ್ಕಿಗೆ ಹೋಗುವವನ್ನು ಕೂಡಿಸಿ ಹೊಸ ಗಾಡಿ ಮಾಡಬೇಕು. ಅಂಚೆ ಕಚೇರಿಯಲ್ಲಿ ಕಾಗದಗಳನ್ನು ಊರು ನೋಡಿ ಬೇರೆ ಬೇರೆ ಗೂಡಿಗೆ ಹಾಕುವ ಹಾಗೆ.

ಕಾಗದವನ್ನು ಕೈಯಲ್ಲಿ ಎಸೆಯಬಹುದು. ತುಂಬಿದ ಅಮೆರಿಕನ್ ವ್ಯಾಗನ್ ಒಂದು 130 ಟನ್ ತನಕ ತೂಗುತ್ತದೆ. ಇಂಜಿನ್ ಕಟ್ಟಿ ಹಿಂದೆ ಮುಂದೆ ಶಂಟಿಂಗ್ ಮಾಡುತ್ತಾ ಕೂತರೆ ಒಂದು ಗಾಡಿಗೇ ಗಂಟೆಗಟ್ಟಲೆ ಹೊತ್ತು ಬೇಕು. ಅದಕ್ಕೇ ಮಣ್ಣು ಹಾಕಿ ಒಂದು ಸಣ್ಣ ಗುಡ್ಡ ಕಟ್ಟುತ್ತಾರೆ. ಗುಡ್ಡದ ಮೇಲೆ ಒಂದು ಹಳಿ ಏರುತ್ತದೆ. ಆ ಕಡೆ ಇಳಿಯುವಾಗ ಅದೇ ಹಳಿ ಪಾಯಿಂಟುಗಳಲ್ಲಿ, ಅಂದರೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕಡೆ, ಕವಲೊಡೆದು ಎರಡಾಗಿ, ನಾಲ್ಕಾಗಿ, ಕೊನೆಗೆ ಹತ್ತಾರು ಹಳಿಗಳಾಗಿ ಹರಡುತ್ತದೆ.

ಇಂಜಿನ್ ಹಿಂದಿನಿಂದ ಇಡೀ ಗಾಡಿಯನ್ನು ನಿಧಾನವಾಗಿ ಗುಡ್ಡಕ್ಕೆ ತಳ್ಳುತ್ತದೆ. ನೆತ್ತಿಯಲ್ಲಿ ನಿಂತ ಕೆಲಸಗಾರ ಕೊಂಡಿಯ ಪಿನ್ ಎತ್ತಿ ವ್ಯಾಗನ್ನನ್ನು ಬಿಡಿಸುತ್ತಾನೆ. ಅಲ್ಲಿಂದ ಮುಂದೆ ಇಂಜಿನ್ ಬೇಡ. ವ್ಯಾಗನ್ ತನ್ನ ಭಾರಕ್ಕೆ ತಾನೇ ಉರುಳುತ್ತದೆ. ಅದು ಉರುಳುತ್ತಿರುವಾಗಲೇ ಕಂಪ್ಯೂಟರ್ ಅದರ ತೂಕ, ವೇಗ ಅಳೆದು, ಹೋಗಬೇಕಾದ ಹಳಿಗೆ ಪಾಯಿಂಟುಗಳನ್ನು ತಿರುಗಿಸುತ್ತದೆ.

ಕಷ್ಟ ಇರುವುದು ವೇಗದಲ್ಲಿ. ತುಂಬಿದ ವ್ಯಾಗನ್ ಜೋರಾಗಿ ಹೋಗುತ್ತದೆ, ಖಾಲಿ ವ್ಯಾಗನ್ ಎದುರುಗಾಳಿಗೆ ನಡುವೆಯೇ ನಿಲ್ಲಬಹುದು. ಚಳಿಯಲ್ಲಿ ಚಕ್ರದ ಗ್ರೀಸು ಗಟ್ಟಿಯಾಗುತ್ತದೆ. ಕೊನೆಯಲ್ಲಿ ನಿಂತಿರುವ ವ್ಯಾಗನ್ನಿಗೆ ಡಿಕ್ಕಿ ಹೊಡೆದರೆ ಸರಕು ಪುಡಿ. ಮುಟ್ಟದೇ ನಿಂತರೆ ಕೊಂಡಿ ಕೂಡುವುದಿಲ್ಲ. ಗಂಟೆಗೆ ಸುಮಾರು 6 ಕಿ.ಮೀ. ವೇಗದಲ್ಲಿ, ಮನುಷ್ಯ ಬಿರುಸಾಗಿ ನಡೆದಷ್ಟು, ಹೋಗಿ ತಾಗಬೇಕು. ಇದಕ್ಕೆ ಹಳಿಯ ಎರಡೂ ಮಗ್ಗುಲಲ್ಲಿ ‘ರಿಟಾರ್ಡರ್’ ಎಂಬ ಉಕ್ಕಿನ ಇಕ್ಕಳಗಳಿವೆ. ಅವು ಚಕ್ರವನ್ನು ಎರಡೂ ಕಡೆಯಿಂದ ಹಿಡಿದು, ಬೇಕಾದಷ್ಟೇ ವೇಗ ಉಳಿಸಿ, ಬಿಡುತ್ತವೆ. ಹಿಡಿದಾಗ ಕಿರ್ರೆಂಬ ಕರ್ಕಶ ಸದ್ದು ಬರುತ್ತದೆ. ಹೋಗಿ ತಾಗಿದ ಕೂಡಲೇ ಕೊಂಡಿಗಳು ತಾವೇ ಬೆಸೆದುಕೊಳ್ಳುತ್ತವೆ. ಈ ತಾನೇ ಬೆಸೆಯುವ ಕೊಂಡಿಯನ್ನು ಅಮೆರಿಕ 1893ರ ಕಾನೂನಿನಿಂದ ಕಡ್ಡಾಯ ಮಾಡಿತು. ಅದಕ್ಕೆ ಮೊದಲು ಕೂಲಿಗಳು ಎರಡು ವ್ಯಾಗನ್ನುಗಳ ನಡುವೆ ನಿಂತು ಕೈಯಲ್ಲಿ ಪಿನ್ ಹಾಕಬೇಕಿತ್ತು. ಬೆರಳು ಕಳೆದುಕೊಂಡವರಿಗೆ, ಪ್ರಾಣ ಕಳೆದುಕೊಂಡವರಿಗೆ ಲೆಕ್ಕವಿಲ್ಲ.

ನಾರ್ತ್ ಪ್ಲ್ಯಾಟಿನಲ್ಲಿ ಮೊದಲ ಗುಡ್ಡ 1948ರಲ್ಲಿ, ಎರಡನೆಯದು 1968ರಲ್ಲಿ ಬಂತು. ಪೂರ್ವಕ್ಕೆ ಹೋಗುವವಕ್ಕೆ 34 ಅಡಿ ಎತ್ತರದ್ದು, ಪಶ್ಚಿಮಕ್ಕೆ ಹೋಗುವವಕ್ಕೆ 20 ಅಡಿಯದು. ಎರಡೂ ಸೇರಿ ಕೆಳಗೆ 114 ಹಳಿಗಳು. ಕಂಪನಿಯ ಅಧ್ಯಕ್ಷರಾಗಿದ್ದ ಎಡ್ ಬೇಲಿ ಅವರ ಹೆಸರಿನಲ್ಲಿ ಇದಕ್ಕೆ ಬೇಲಿ ಯಾರ್ಡ್ ಎನ್ನುತ್ತಾರೆ. ಉದ್ದ ಎಂಟು ಮೈಲಿ, ಅಂದರೆ ಸುಮಾರು 13 ಕಿ.ಮೀ. ವಿಸ್ತೀರ್ಣ 2,850 ಎಕರೆ. ಒಳಗಿನ ಹಳಿಗಳನ್ನು ಒಂದರ ಮುಂದೊಂದು ಜೋಡಿಸಿದರೆ 315 ಮೈಲಿ. ಇಷ್ಟು ಸಮತಟ್ಟಾದ ಅಗಲ ಜಾಗ ಸಿಕ್ಕಿದ್ದು ಎರಡು ನದಿಗಳ ನಡುವೆ ಇರುವುದರಿಂದಲೇ. 2008ರಲ್ಲಿ ಯಾರ್ಡಿನ ಪಕ್ಕ ಎಂಟು ಮಹಡಿಯ ಗೋಲ್ಡನ್ ಸ್ಪೈಕ್ ಟವರ್ ಕಟ್ಟಿದರು. ರೈಲು ಇಷ್ಟಪಡುವವರು ಮೇಲೆ ಹತ್ತಿ ಗಂಟೆಗಟ್ಟಲೆ ನೋಡುತ್ತಾ ನಿಲ್ಲುತ್ತಾರೆ. ಊರಿನ ಕೋಡಿ ಪಾರ್ಕಿನಲ್ಲಿ ‘ಚಾಲೆಂಜರ್’ ಜಾತಿಯ ಹಳೆಯ ಉಗಿ ಇಂಜಿನ್ ಒಂದನ್ನೂ ಹತ್ತಿರದಿಂದ ನೋಡಬಹುದು.

ಬಿಚ್ಚದೆ ಹೋಗುವ ಗಾಡಿಗಳೂ ಇಲ್ಲಿ ನಿಲ್ಲುತ್ತವೆ. ಡೀಸೆಲ್ ತುಂಬಲು, ಚಕ್ರ, ಬ್ರೇಕ್ ನೋಡಲು, ಸಿಬ್ಬಂದಿ ಬದಲಿಸಲು. ಕಾನೂನಿನ ಪ್ರಕಾರ ಅಮೆರಿಕದಲ್ಲಿ ರೈಲು ಓಡಿಸುವವರು ಒಂದು ಪಾಳಿಯಲ್ಲಿ 12 ಗಂಟೆಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ. ಇಂಜಿನ್ನಿನ ಬಾಯಾರಿಕೆ ಹೋಯಿತು, ಮನುಷ್ಯನ ದಣಿವು ಉಳಿಯಿತು.

ಪೌಡರ್ ನದಿಯ ಕಲ್ಲಿದ್ದಲು

ಇನ್ನೊಂದು ದೊಡ್ಡ ಕಾರಣ 1984ರಲ್ಲಿ ಬಂತು. ವಯೋಮಿಂಗ್ ರಾಜ್ಯದ ಪೌಡರ್ ನದಿ ಪ್ರದೇಶದಲ್ಲಿ ನೆಲದ ಮೇಲ್ಪದರದಲ್ಲೇ ಕಲ್ಲಿದ್ದಲಿದೆ, ಗಂಧಕ ಕಡಿಮೆ. ಗಾಳಿ ಮಾಲಿನ್ಯದ ಕಾನೂನುಗಳು ಬಿಗಿಯಾದಂತೆ ಪೂರ್ವದ ವಿದ್ಯುತ್ ಸ್ಥಾವರಗಳಿಗೆ ಅದೇ ಬೇಕಾಯಿತು. ಆ ವರ್ಷದಿಂದ ಯೂನಿಯನ್ ಪೆಸಿಫಿಕ್ ಹಳಿಯ ಮೇಲೂ ಅಲ್ಲಿನ ಕಲ್ಲಿದ್ದಲು ಬರತೊಡಗಿತು. ಆ ಮಾರ್ಗ ಮುಖ್ಯ ಮಾರ್ಗವನ್ನು ಕೂಡುವುದು ನಾರ್ತ್ ಪ್ಲ್ಯಾಟಿನ ಸ್ವಲ್ಪ ಪಶ್ಚಿಮಕ್ಕೆ. ಮೈಲಿ ಉದ್ದದ ಕಲ್ಲಿದ್ದಲು ರೈಲುಗಳು ಒಂದರ ಹಿಂದೊಂದು ಬಂದವು. ಮುಖ್ಯ ಮಾರ್ಗಕ್ಕೆ ಊರಿನ ಪೂರ್ವಕ್ಕೆ ಮೂರನೇ ಹಳಿ ಹಾಕಬೇಕಾಯಿತು. ಸ್ಪಾಟೆಡ್ ಟೇಲ್ ಇದೇ ಊರಲ್ಲಿ ಕೂತು, ಪೌಡರ್ ನದಿಗೆ ರಸ್ತೆ ಹಾಕಬೇಡಿ ಎಂದು ಕೇಳಿ ಆಗ 117 ವರ್ಷ ಆಗಿತ್ತು.

ಅಮೆರಿಕದ ಕಲ್ಲಿದ್ದಲು ಉತ್ಪಾದನೆ 2008ರಲ್ಲಿ ತುದಿ ಮುಟ್ಟಿ, ಆಮೇಲೆ ಇಳಿಯುತ್ತಾ ಬಂತು. ಅಗ್ಗದ ನೈಸರ್ಗಿಕ ಅನಿಲ, ಗಾಳಿ ಮತ್ತು ಸೂರ್ಯನ ವಿದ್ಯುತ್ತು ಅದರ ಜಾಗ ಹಿಡಿದವು. ಭೂಮಿಗೆ ಇದು ಒಳ್ಳೆಯದೇ. ಆದರೆ ಕಲ್ಲಿದ್ದಲು ರೈಲು ಕಡಿಮೆಯಾದಷ್ಟೂ ಇಂಜಿನ್ ರಿಪೇರಿ ಶೆಡ್ಡಿನಲ್ಲಿ ಕೆಲಸ ಕಡಿಮೆ. ಆ ಹೊರೆ ಬಿದ್ದದ್ದು ಇಂಥ ಊರುಗಳ ಮೇಲೆ.

ಅದರ ಮೇಲೆ 2018ರಲ್ಲಿ ಕಂಪನಿ ರೈಲು ಓಡಿಸುವ ರೀತಿಯನ್ನೇ ಬದಲಿಸಿತು. ಹೊಸ ಸೂತ್ರ ಇಷ್ಟು: ವ್ಯಾಗನ್ನನ್ನು ದಾರಿಯಲ್ಲಿ ಆದಷ್ಟು ಕಡಿಮೆ ಸಲ ಮುಟ್ಟು, ಗಾಡಿಯನ್ನು ಉದ್ದ ಮಾಡು, ಇಂಜಿನ್ ಮತ್ತು ಜನ ಕಡಿಮೆ ಮಾಡು. 2018ರಲ್ಲಿ ಸುಮಾರು 42 ಸಾವಿರ ಇದ್ದ ಕಂಪನಿಯ ನೌಕರರು 2021ರ ಹೊತ್ತಿಗೆ 30 ಸಾವಿರಕ್ಕೆ ಇಳಿದರು. ಆರೆಗಾನ್ ರಾಜ್ಯದ ಹಿಂಕಲ್ ಯಾರ್ಡಿನಲ್ಲಿ ಗುಡ್ಡದ ಕೆಲಸ ನಿಂತಿತು. ಬೇಲಿ ಯಾರ್ಡಿನ ಗುಡ್ಡಗಳು ಉಳಿದವು, ಆದರೆ ಅಲ್ಲೂ ಜನ ಕೆಲಸ ಕಳೆದುಕೊಂಡರು. 2010ರಲ್ಲಿ 24,733 ಇದ್ದ ಊರಿನ ಜನಸಂಖ್ಯೆ ಹತ್ತು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಇಳಿದದ್ದಕ್ಕೆ ರೈಲ್ವೆ ಕೆಲಸ ಕಡಿಮೆಯಾದದ್ದೂ ಒಂದು ಕಾರಣ ಎಂದು ನಾನು ಓದಿಕೊಳ್ಳುತ್ತೇನೆ.

ಒಂದೇ ಕಂಪನಿಯನ್ನು ನಂಬಿ ಕೂರಬಾರದು ಎಂಬುದು ಊರಿಗೂ ಗೊತ್ತಾಗಿದೆ. ಸುತ್ತ ದನ ಸಾಕುವವರು ಹೂಡಿಕೆ ಮಾಡಿದ ಸಸ್ಟೇನಬಲ್ ಬೀಫ್ ಎಂಬ ಮಾಂಸದ ಕಾರ್ಖಾನೆ 2025ರಲ್ಲಿ ಇಲ್ಲಿ ಶುರುವಾಯಿತು. ಅದು ಎದ್ದದ್ದು ಊರಿನ ಹಳೆಯ ಕೊಳಚೆ ನೀರಿನ ಹೊಂಡಗಳ ಜಾಗದಲ್ಲಿ. ದಿನಕ್ಕೆ 1,500 ದನಗಳ ಸಾಮರ್ಥ್ಯ, ಎಂಟುನೂರರಷ್ಟು ಕೆಲಸ. ವಾಲ್‌ಮಾರ್ಟ್ ಕೂಡ ಅದರಲ್ಲಿ ಪಾಲು ಹಾಕಿದೆ. ಊಟ ಹಾಕುವ ರೂಢಿಯೂ ಪೂರ್ತಿ ಹೋಗಿಲ್ಲ. 2018ರ ಬೇಸಿಗೆಯಲ್ಲಿ ಆರ್ಕನ್ಸಾ ರಾಜ್ಯದ ಸುಮಾರು 700 ಸೈನಿಕರು ತರಬೇತಿ ಮುಗಿಸಿ ಬಸ್ಸುಗಳಲ್ಲಿ ಈ ದಾರಿಯಾಗಿ ಬಂದಾಗ, ಊರಿನವರು ಹಳೆಯ ಕ್ಯಾಂಟೀನಿನ ಹಾಗೆಯೇ ಅವರಿಗೆ ಉಣಬಡಿಸಿದರು.

2025ರ ಜುಲೈನಲ್ಲಿ ಯೂನಿಯನ್ ಪೆಸಿಫಿಕ್, ದೇಶದ ಪೂರ್ವ ಭಾಗದ ನಾರ್‌ಫೋಕ್ ಸದರ್ನ್ ಕಂಪನಿಯನ್ನು 8,500 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು. ಇದಕ್ಕೆ ಸರ್ಫೇಸ್ ಟ್ರಾನ್ಸ್‌ಪೋರ್ಟೇಶನ್ ಬೋರ್ಡ್ ಎಂಬ ಕೇಂದ್ರ ಸಂಸ್ಥೆಯ ಒಪ್ಪಿಗೆ ಬೇಕು. ಸದ್ಯ ಪಶ್ಚಿಮದ ವ್ಯಾಗನ್ನುಗಳು ಷಿಕಾಗೋದಂಥ ಕಡೆ ಒಂದು ಕಂಪನಿಯ ಕೈಯಿಂದ ಇನ್ನೊಂದರ ಕೈಗೆ ಹೋಗುತ್ತವೆ. ಎರಡೂ ಒಂದಾದರೆ, ಅಲ್ಲಿ ಮಾಡುವ ವಿಂಗಡಣೆಯನ್ನು ನಾರ್ತ್ ಪ್ಲ್ಯಾಟಿನಲ್ಲೇ ಮುಗಿಸಿ ನೇರ ಪೆನ್ಸಿಲ್ವೇನಿಯಾಕ್ಕೋ ಜಾರ್ಜಿಯಾಕ್ಕೋ ಗಾಡಿ ಬಿಡಬಹುದು. ಆಗ ಗುಡ್ಡಕ್ಕೆ ಕೆಲಸ ಜಾಸ್ತಿ. ಇಲ್ಲವೇ, ಕ್ಯಾಲಿಫೋರ್ನಿಯಾದಿಂದ ಹೊರಟ ಗಾಡಿಯನ್ನು ಎಲ್ಲೂ ಬಿಚ್ಚದೆ ಪೂರ್ವದ ಕರಾವಳಿಯ ತನಕ ಓಡಿಸಬಹುದು. ಆಗ ಇಲ್ಲಿ ಸಿಬ್ಬಂದಿ ಬದಲಿಸಿ, ಡೀಸೆಲ್ ತುಂಬಿಸಿ ಮುಂದೆ ಹೋದರಾಯಿತು. ಬೋರ್ಡು ಒಪ್ಪಿಗೆ ಕೊಟ್ಟರೆ, ಕಂಪನಿ ಈ ಎರಡರಲ್ಲಿ ಯಾವುದನ್ನು ಆರಿಸುತ್ತದೆ ಎಂಬುದನ್ನು ಗಮನಿಸಬೇಕು.